ಬೇಯಿಸಿದ ಮಣ್ಣು

ಕಳೆದ ಚಳಿಗಾಲದಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯದ ಒಂದು ಸಣ್ಣ ಊರಿನಲ್ಲಿ ನೆಲೆಸಿರುವ ಹಳೆಯ ಸ್ನೇಹಿತರ ಮನೆಯಲ್ಲಿ ಹತ್ತು ಹನ್ನೆರಡು ದಿನ ಅತಿಥಿಯಾಗಿ ಉಳಿಯುವ ಸಂದರ್ಭ ನನಗೊದಗಿತು. ಅದೇ ಸಮಯಕ್ಕೆ ಸ್ನೇಹಿತರ ಅಣ್ಣನವರು, ಪುತ್ತೂರು ಸೀಮೆಯಲ್ಲಿ ಐವತ್ತು ವರ್ಷ ಅಡಕೆ ತೆಂಗುಗಳ ತೋಟವನ್ನು ಕೈಯಾರೆ ನಡೆಸಿದವರು, ತಮ್ಮನ ಸಂಸಾರವನ್ನು ನೋಡಲೆಂದು ಮೊದಲ ಬಾರಿಗೆ ಸಮುದ್ರ ದಾಟಿ ಬಂದಿದ್ದರು. ಸ್ನೇಹಿತರ ಮಗಳು ಅಲ್ಲಿಯ ಕಾಲೇಜೊಂದರ ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲಿ, ತನ್ನ ಕೋಣೆಯ ಕಿಟಕಿಯಿಂದ ದೂರವಾದ ಮೂಲೆಯಲ್ಲಿ, ಕೆಂಪು ಮೊಣಕಾಲಿನ ಟರಾಂಟುಲವೆಂದು ಪ್ರಸಿದ್ಧವಾದ ಮೆಕ್ಸಿಕೋ ದೇಶದ ದೊಡ್ಡ ಜೇಡವೊಂದನ್ನು ಸಾಕಿದ್ದಾಳೆ. ಅಂದು ಆ ಜೇಡವನ್ನು ಹಳೆಯ ಪೆಟ್ಟಿಗೆಯಿಂದ ಹೊಸ ಗಾಜಿನ ಪೆಟ್ಟಿಗೆಗೆ ಸಾಗಿಸತಕ್ಕ ದಿನ. ಅಡುಗೆಮನೆಯ ಮೇಜಿನ ಮೇಲೆ ಇಟ್ಟಿಗೆಯಂತೆ ಒತ್ತಿ ಕಟ್ಟಿದ ಕಂದು ವಸ್ತುವೊಂದು, ಒಂದು ತುಂಡು ತೊಗಟೆ, ಎರಡು ಕಲ್ಲು, ಅರ್ಧ ತೆಂಗಿನ ಗೆರಟೆ; ಒಲೆಯ ಮೇಲೆ ಪ್ರೆಷರ್ ಕುಕ್ಕರು. ದೊಡ್ಡಪ್ಪನೂ ಮಗಳೂ ಎದುರುಬದುರಾಗಿ ಕುಳಿತರು. ನಾನು ಬದಿಯ ಕುರ್ಚಿಯಲ್ಲಿದ್ದು, ಅವರಾಡಿದ್ದನ್ನು ನನಗೆ ನೆನಪಿರುವಷ್ಟರಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಹಿರಿಯರು: ಮಗಳೇ, ಈ ಇಟ್ಟಿಗೆಯನ್ನು ನೀನು ಟಬ್ಬಿನ ಬಿಸಿನೀರಿಗೆ ಹಾಕಿದ ಕೂಡಲೇ ನನ್ನ ಮೂಗಿಗೆ ಬಂದ ವಾಸನೆ ನನಗೆ ಗುರುತಿನದು. ಮಳೆಗಾಲದ ಮೊದಲಿನಲ್ಲಿ ತೆಂಗಿನ ಬುಡಕ್ಕೆ ಕವುಚಿ ಹಾಕಿದ ಸಿಪ್ಪೆ ನೆನೆದಾಗ ತೋಟದಲ್ಲಿ ಏಳುವ ವಾಸನೆ ಇದೇ ಅಲ್ಲವೇ?

ಕಿರಿಯಳು: ಅದೇ ದೊಡ್ಡಪ್ಪ. ಇದು ತೆಂಗಿನ ನಾರಿನ ಹುಡಿ, ಕೊಕೊಪೀಟ್. ಹೊದಿಕೆಯ ಕಾಗದವನ್ನು ತಿರುಗಿಸಿ ನೋಡಿ, ಭಾರತದಲ್ಲಿ ತಯಾರಾದದ್ದೆಂದು ಅಚ್ಚಾಗಿದೆ. 650 ಗ್ರಾಮಿನ ಈ ಇಟ್ಟಿಗೆ ನೀರು ಕುಡಿದು ಉಬ್ಬಿದರೆ ಎಂಟು ಲೀಟರಿನಷ್ಟು ಹಾಸಾಗುತ್ತದೆ. ಇಲ್ಲಿಯ ಜೇಡ ಸಾಕುವವರಲ್ಲಿ ಹೆಚ್ಚಿನವರ ಪೆಟ್ಟಿಗೆಯ ತಳದಲ್ಲಿರುವುದು ನಮ್ಮ ಕಡೆಯ ಇಲ್ಲವೇ ಸಿಂಹಳದ ತೆಂಗಿನ ಹುಡಿಯೇ.

ಹಿರಿಯರು: ಪೊಳ್ಳಾಚಿಯಲ್ಲಿ, ಆಲಪ್ಪುಳದಲ್ಲಿ, ನಮ್ಮ ತಿಪಟೂರು ಅರಸೀಕೆರೆಗಳ ಕಡೆಯಲ್ಲಿ ನಾರು ತೆಗೆದ ಮೇಲೆ ಈ ಹುಡಿಯನ್ನು ಯಾರಿಗೂ ಬೇಡವಾದ ಕಸವೆಂದು ರಸ್ತೆಯ ಬದಿಯಲ್ಲಿ ಗುಡ್ಡೆ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡವನು. ಆ ಕಸ ಸಮುದ್ರ ದಾಟಿ ಬಂದು ಮೆಕ್ಸಿಕೋದ ಜೇಡಕ್ಕೆ ಹಾಸಿಗೆಯಾಗಿರುವುದು ನನಗೆ ಸಂತೋಷವನ್ನೇ ಉಂಟುಮಾಡುತ್ತದೆ. ಆದರೆ ನೆನೆಸಿ ಹದಮಾಡಿದ ಮೇಲೆ ಅದನ್ನು ಕುಕ್ಕರಿಗೆ ತುಂಬಿ ಬೇಯಿಸಬೇಕೆನ್ನುತ್ತೀಯಲ್ಲ, ಅದು ಮಾತ್ರ ನನಗೆ ಒಗ್ಗಲಿಲ್ಲ. ಮಣ್ಣನ್ನು ಬೇಯಿಸುವುದೆಂದರೇನು?

ಕಿರಿಯಳು: ಹೆದರಬೇಡಿ, ಅನ್ನದ ಕುಕ್ಕರು ಬೇರೆ ಇದೆ, ಇದು ಈ ಕೆಲಸಕ್ಕೆಂದೇ ಮೀಸಲಿಟ್ಟದ್ದು. ಪ್ರಯೋಗಶಾಲೆಯಲ್ಲಿ ನಾವು ಆಟೋಕ್ಲೇವಿನಲ್ಲಿ 121 ಡಿಗ್ರಿ ಶಾಖವನ್ನು 15 ನಿಮಿಷ ಕೊಡುತ್ತೇವೆ. ನೂರು ಡಿಗ್ರಿಯಲ್ಲಿ ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಣಗಳು ಆ ಶಾಖದಲ್ಲಿ ಸಾಯುತ್ತವೆ. ಊರಿನಿಂದ ತಂದ ಕುಕ್ಕರಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಆದುದರಿಂದ, ಮನೆಯೊಳಗೆ ಇದೇ ನನ್ನ ಆಟೋಕ್ಲೇವ್.

ಹಿರಿಯರು: ಶಾಖದ ವಿಷಯ ನಿನ್ನಿಂದ ಕಲಿಯತಕ್ಕದ್ದು ನನಗೆ ಬಹಳವಿದೆ. ಆದರೂ ನಿನ್ನ ಮಾತಿಗೆ ನಾನು ಸಂಪೂರ್ಣ ಹೊಸಬನಲ್ಲ. ನಮ್ಮಲ್ಲಿ ಸುಡುಮಣ್ಣು ಮಾಡುವುದನ್ನು ನೀನು ಚಿಕ್ಕವಳಿದ್ದಾಗ ಬೇಸಗೆ ರಜೆಯಲ್ಲಿ ನೋಡಿರಬೇಕು. ತರಗೆಲೆ, ಒಣಕಡ್ಡಿ, ಅದರ ಮೇಲೆ ಕೆರೆಸಿದ ಮಣ್ಣು, ಮತ್ತೆ ತರಗೆಲೆ, ಮತ್ತೆ ಮಣ್ಣು, ಹೀಗೆ ಗುಡ್ಡೆ ಏರಿಸಿ ಬೆಂಕಿ ಕೊಟ್ಟರೆ, ಜ್ವಾಲೆ ಏಳದೆ ಎರಡು ಮೂರು ದಿನ ಹೊಗೆಯಾಡುತ್ತಲೇ ಇರುತ್ತದೆ. ಬೆಂದು ಕಪ್ಪುಕೆಂಪಾದ ಆ ಮಣ್ಣಿನಲ್ಲಿ ಬಸಳೆ ನೆಟ್ಟರೂ, ಸೌತೆ ಬೀಜ ಹಾಕಿದರೂ ಬುಡಕ್ಕೆ ಹುಳ ಹತ್ತುವುದು ಕಡಿಮೆ, ಕಳೆ ಏಳುವುದು ಕಡಿಮೆ. ಆದುದರಿಂದ ಮಣ್ಣಿಗೆ ಬೆಂಕಿ ಕೊಡುವುದನ್ನು ನಾನು ತಪ್ಪೆನ್ನಲಾರೆ. ನಾನು ಹೇಳುವುದು ಅದರ ಮುಂದಿನ ಮಾತು. ಸುಡುಮಣ್ಣನ್ನು ನಾವು ಹಾಗೆಯೇ ಬಿಡುವುದಿಲ್ಲ, ಹಟ್ಟಿಗೊಬ್ಬರವನ್ನು ಬೆರೆಸುತ್ತೇವೆ. ಕೊಂದ ಮೇಲೆ ಬದುಕಿಸುತ್ತೇವೆ. ನೀನು ಕೊಂದು ಅಲ್ಲಿಗೇ ನಿಲ್ಲಿಸುತ್ತೀಯಲ್ಲ?

ಈ ಪ್ರಶ್ನೆಗೆ ಅವಳು ಒಡನೆ ಉತ್ತರ ಕೊಡಲಿಲ್ಲ. ಟಬ್ಬಿನಲ್ಲಿ ಇಟ್ಟಿಗೆಯ ಅಂಚುಗಳು ಸಡಿಲಗೊಂಡು, ಪದರಪದರವಾಗಿ ಕಳಚಿ, ನೀರನ್ನೆಲ್ಲ ಹೀರಿ, ನಾವು ನೋಡುತ್ತಿದ್ದಂತೆ ಟಬ್ಬು ತುಂಬುತ್ತ ಬಂದಿತು. ಹಿರಿಯರು ಅಂಗಿಯ ತೋಳು ಮಡಚಿ ಒಂದು ಮುಷ್ಟಿ ಹುಡಿಯನ್ನೆತ್ತಿ ಹಿಂಡಿದರು; ಬೆರಳುಗಳ ಸಂದಿನಿಂದ ಚಹದ ಬಣ್ಣದ ನೀರು ಇಳಿಯಿತು. ಮತ್ತೊಮ್ಮೆ ಬಲವಾಗಿ ಹಿಂಡಿ, ಅಂಗೈ ಬಿಡಿಸಿ, ಉಂಡೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ತಟ್ಟಿದರು. ಉಂಡೆ ಎರಡಾಗಿ ಒಡೆಯಿತು. "ಇದು ಹದ" ಎಂದರು. ಜೇಡವನ್ನು ಎಂದೂ ಸಾಕದವರು ಆ ಹದವನ್ನು ಕಂಡುಹಿಡಿದುದನ್ನು ನೋಡಿ ಅವಳ ಮುಖ ಅರಳಿತು.

ಕಿರಿಯಳು: ದೊಡ್ಡಪ್ಪ, ಈ ಜೇಡಕ್ಕೆ ಈ ಹದವೂ ಹೆಚ್ಚೇ. ಇದು ಮೆಕ್ಸಿಕೋದ ಪಶ್ಚಿಮ ಕರಾವಳಿಯ ಕುರುಚಲು ಕಾಡಿನದು; ವರ್ಷದಲ್ಲಿ ಬಹುಕಾಲ ಒಣಗಿರುವ ನೆಲದಲ್ಲಿ, ಬೇರಿನ ಅಡಿಯಲ್ಲೋ ಕಲ್ಲಿನ ಅಡಿಯಲ್ಲೋ ಬಿಲ ತೋಡಿ ಬದುಕುವಂಥದ್ದು. ಹಾಸು ಹಸಿಯಾಗಿದ್ದರೆ ಅದು ಕೆಳಗೆ ಕಾಲಿಡುವುದಿಲ್ಲ; ಗಾಜಿಗೆ ಅಂಟಿಕೊಂಡು ದಿನಗಟ್ಟಲೆ ನಿಂತುಬಿಡುತ್ತದೆ. ಆದುದರಿಂದ ಬೇಯಿಸಿದ ಹುಡಿಯನ್ನು ತಟ್ಟೆಯಲ್ಲಿ ಹರಡಿ ಆರಿಸಿ, ಒಣಗಿಸಿ, ಆಮೇಲೆ ಒತ್ತಿ ತುಂಬಿಸುತ್ತೇನೆ. ನೀರಿನ ಬಟ್ಟಲಿನ ಬಳಿಯ ಒಂದು ಮೂಲೆಯನ್ನು ಮಾತ್ರ ತೇವವಾಗಿಡುತ್ತೇನೆ. ಇನ್ನು ನಿಮ್ಮ ಪ್ರಶ್ನೆ. ಕೊಂದು ನಿಲ್ಲಿಸುವುದೇಕೆಂದರೆ, ನಾನು ಒಮ್ಮೆ ಕೊಲ್ಲದೆ ಬಿಟ್ಟು ಕಳೆದುಕೊಂಡಿದ್ದೇನೆ.

ಹಿರಿಯರು: ಏನನ್ನು ಕಳೆದುಕೊಂಡೆ?

ಕಿರಿಯಳು: ಇದಕ್ಕಿಂತ ಮುಂಚೆ ನನ್ನ ಬಳಿ ಇನ್ನೊಂದಿತ್ತು. ಉದ್ಯಾನದಲ್ಲಿ ಬಿದ್ದಿದ್ದ ಓಕ್ ಮರದ ತೊಗಟೆಯೊಂದು ಅಂದವಾಗಿ ಕಂಡಿತು. ತಂದು, ಕೊಡವಿ, ಹಾಗೆಯೇ ಪೆಟ್ಟಿಗೆಯಲ್ಲಿಟ್ಟೆ. ಕುದಿಸಲಿಲ್ಲ, ಒಣಗಿಸಲಿಲ್ಲ. ಕೆಲವು ವಾರಗಳ ನಂತರ ಜೇಡ ಆಹಾರ ಬಿಟ್ಟಿತು. ಪೊರೆ ಕಳಚುವ ಮೊದಲು ಇವು ತಿಂಗಳುಗಟ್ಟಲೆ ಉಪವಾಸವಿರುವುದುಂಟು. ನಾನು ಹಾಗೆಂದೇ ತಿಳಿದೆ. ಒಂದು ರಾತ್ರಿ ದೀಪ ಹಿಡಿದು ನೋಡುವಾಗ ಬಾಯಿಯ ಸುತ್ತ ಬಿಳಿಯ ನೊರೆಯಂಥದು ಕಂಡಿತು. ಅದು ನೊರೆಯಲ್ಲ, ಸೂಕ್ಷ್ಮವಾದ ದುಂಡುಹುಳುಗಳ ಮುದ್ದೆ. ಕೋರೆಗಳನ್ನು ಆಡಿಸಲಾರದೆ, ಎದುರಿಗಿಟ್ಟ ಚಿಮ್ಮಂಡೆಯನ್ನು ಮುಟ್ಟಿ ಮುಟ್ಟಿ ಬಿಡುತ್ತಿತ್ತು. ಹೆಚ್ಚು ದಿನ ಉಳಿಯಲಿಲ್ಲ. ನಮ್ಮ ಈ ಸೀಮೆಯ ರಿವರ್‌ಸೈಡ್ ವಿಶ್ವವಿದ್ಯಾಲಯದವರು ಇಂಥದೇ ಹುಳುವೊಂದಕ್ಕೆ 2022ರಲ್ಲಿ ಹೆಸರಿಟ್ಟರು: ಟರಾಂಟೋಬೆಲಸ್ ಜೆಫ್‌ಡೇನಿಯಲ್ಸಿ. ಜೇಡಗಳ ಭೀತಿಯನ್ನು ಕುರಿತ 1990ರ ಒಂದು ಚಲನಚಿತ್ರದಲ್ಲಿ ನಟಿಸಿದ ಜೆಫ್ ಡೇನಿಯಲ್ಸರ ಹೆಸರು ಅದು. ಹುಳುವಿಗೆ ಹೆಸರು ಸಿಕ್ಕಿದೆ. ಅದು ತಗಲಿದ ಜೇಡವನ್ನು ಉಳಿಸುವ ಔಷಧ ಸಿಕ್ಕಿಲ್ಲ.

ಹಿರಿಯರು: ಕೇಳಿ ಕೆಡುಕೆನಿಸಿತು. ಆದರೂ ನ್ಯಾಯವಾಗಿ ಕೇಳುತ್ತೇನೆ, ಬೇಸರಪಡಬೇಡ. ಆ ಹುಳು ತೊಗಟೆಯಿಂದಲೇ ಬಂದಿತೆಂಬುದಕ್ಕೆ ನಿನ್ನ ಬಳಿ ಆಧಾರವೇನು? ಆಹಾರಕ್ಕೆಂದು ಹಾಕಿದ ಚಿಮ್ಮಂಡೆಯಿಂದ ಬಂದಿರಲಾರದೇ? ಕಿಟಕಿಯಿಂದ ನುಗ್ಗಿದ ನೊಣದಿಂದ ಬಂದಿರಲಾರದೇ?

ಕಿರಿಯಳು: ಆಧಾರವಿಲ್ಲ. ಕೊಳೆತದ್ದರ ಮೇಲೆ ಮೊಟ್ಟೆಯಿಡುವ ಫೋರಿಡ್ ಎಂಬ ಗೂನುಬೆನ್ನಿನ ಸಣ್ಣ ನೊಣಗಳ ಮೇಲೆಯೇ ಹಲವರಿಗೆ ಸಂಶಯ. ಯಾವ ದಾರಿಯಿಂದ ಬಂದಿತೆಂದು ತಿಳಿಯದೆ ಇರುವುದರಿಂದಲೇ, ನನ್ನ ಕೈಯಲ್ಲಿ ಮುಚ್ಚಬಹುದಾದ ದಾರಿಯನ್ನಾದರೂ ಮುಚ್ಚುತ್ತೇನೆ. ಇದು ತಪ್ಪೇ?

ಹಿರಿಯರು: ತಪ್ಪೆನ್ನಲಿಲ್ಲ. ಆದರೆ ಒಂದು ಹೆಜ್ಜೆ ಮುಂದೆ ಬಾ. ಈ ಹುಡಿಯನ್ನು ಕುಕ್ಕರಿನಲ್ಲಿಟ್ಟು ಒಂದು ಅಣುಜೀವಿಯೂ ಉಳಿಯದಂತೆ ಮಾಡಿದೆಯೆನ್ನೋಣ. ಮುಚ್ಚಳ ತೆಗೆದ ಗಳಿಗೆಯಲ್ಲಿ ಗಾಳಿಯಲ್ಲಿರುವ ಬೂಷ್ಟಿನ ಕಣ ಅದರ ಮೇಲೆ ಕೂರುತ್ತದೆ. ಕಾಡಿನ ಮಣ್ಣಿನಲ್ಲಿ ಹಾಗೆ ಬಂದು ಕುಳಿತದ್ದಕ್ಕೆ ಸ್ಥಳವಿರುವುದಿಲ್ಲ. ಮೊದಲೇ ಇದ್ದ ಸಾವಿರ ಜೀವಿಗಳು ಅದರೊಡನೆ ಜಗಳವಾಡುತ್ತವೆ. ನಿನ್ನ ಮಣ್ಣೆಂದರೆ ಬಾಗಿಲು ತೆರೆದ ಖಾಲಿ ಮನೆ. ಮೊದಲು ಬಂದವನೇ ಒಡೆಯ. ನಮ್ಮ ಅಡಕೆ ಸಸಿಮಡಿಯಲ್ಲಿ ಇದನ್ನು ಕಂಡಿದ್ದೇನೆ. ಹೆಚ್ಚು ಸುಟ್ಟ ಮಣ್ಣಿನಲ್ಲಿ ಒಮ್ಮೆ ಕೊಳೆರೋಗ ಹೊಕ್ಕರೆ, ಸುಡದ ಮಣ್ಣಿಗಿಂತ ವೇಗವಾಗಿ ಮಡಿಯನ್ನೆಲ್ಲ ನುಂಗಿಬಿಡುತ್ತದೆ.

ನನಗೆ ಇಲ್ಲಿ ಒಂದು ಮಾತು ನೆನಪಾಯಿತು; ಆಗ ಆಡದೆ ಉಳಿದುದರಿಂದ ಈಗ ಸೇರಿಸುತ್ತೇನೆ. ಅದೇ ಕ್ಯಾಲಿಫೋರ್ನಿಯದಲ್ಲಿ ಕೆನ್ನೆತ್ ಬೇಕರ್ ಎಂಬ ಸಸ್ಯರೋಗ ವಿಜ್ಞಾನಿಗಳು 1957ರಲ್ಲಿ ನರ್ಸರಿಯವರಿಗಾಗಿ ಸಂಪಾದಿಸಿದ ಕೈಪಿಡಿಯೊಂದು, ಕುಂಡದ ಮಣ್ಣನ್ನು ಹಬೆಯಿಂದ ಶುದ್ಧಮಾಡುವ ಕ್ರಮಕ್ಕೆ ಬಹುಕಾಲ ಪ್ರಮಾಣಗ್ರಂಥವಾಗಿತ್ತು. ಆ ಬೇಕರರೇ ಮುಂದೆ ಹಬೆಗೆ ಗಾಳಿಯನ್ನು ಬೆರೆಸಿ ಶಾಖವನ್ನು 60 ಡಿಗ್ರಿಗೆ ಇಳಿಸಿ, ಅರ್ಧ ಗಂಟೆ ಕೊಟ್ಟರೆ ರೋಗಕಾರಕಗಳು ಸತ್ತು ಉಪಕಾರಿ ಜೀವಿಗಳಲ್ಲಿ ಕೆಲವಾದರೂ ಉಳಿಯುತ್ತವೆಂದು ಪ್ರತಿಪಾದಿಸಿದರು. ಪುತ್ತೂರಿನ ತೋಟದಲ್ಲಿ ಕಣ್ಣಿನಿಂದ ಕಂಡುಕೊಂಡುದೂ ಪ್ರಯೋಗಶಾಲೆಯಲ್ಲಿ ಅಳೆದು ಕಂಡುಕೊಂಡುದೂ ಹೀಗೆ ಒಂದೇ ಬಿಂದುವಿಗೆ ಬಂದು ಸೇರುವುದನ್ನು ನೆನೆದಾಗ ನನಗೆ ಹಿರಿಯರ ಮಾತಿನ ಮೇಲೆ ಗೌರವ ಹೆಚ್ಚಿತು. ಆದರೆ ಹುಡುಗಿ ಸೋಲಲಿಲ್ಲ.

ಕಿರಿಯಳು: ಖಾಲಿ ಮನೆಯೆಂಬ ನಿಮ್ಮ ಮಾತು ನಿಜ. ಹೊಸ ಹಾಸು ಹಾಕಿದ ಮೊದಲ ತಿಂಗಳು ಬಿಳಿ ಬೂಷ್ಟು ಕಾಣಿಸುವುದನ್ನು ನಾನೂ ಕಂಡಿದ್ದೇನೆ. ಅದಕ್ಕಾಗಿಯೇ ಕೆಲವರು ಸ್ಪ್ರಿಂಗ್‌ಟೇಲ್ ಎಂಬ ಪುಟಿಯುವ ಬಿಳಿ ಹುಳುಗಳನ್ನು, ಐಸೊಪಾಡ್‌ಗಳನ್ನು ಹಾಸಿಗೆ ಬಿಡುತ್ತಾರೆ. ಅವು ಬೂಷ್ಟನ್ನೂ ಉಳಿದ ಎಂಜಲನ್ನೂ ತಿಂದು ಪೆಟ್ಟಿಗೆಯನ್ನು ಶುಚಿಯಾಗಿಡುತ್ತವೆ. ನೀವು ಹೇಳುವ ಹಟ್ಟಿಗೊಬ್ಬರವೆಂದರೆ ಅದೇ ಎನ್ನಬಹುದು. ಆದರೆ ಅವಕ್ಕೆ ತೇವ ಬೇಕು. ಮಳೆಕಾಡಿನ ಜೇಡವಾದರೆ ಸರಿ. ಈ ಒಣಕಾಡಿನದಕ್ಕೆ ಅವುಗಳ ಸುಖಕ್ಕಾಗಿ ಹಾಸನ್ನು ನೆನೆಸಿಟ್ಟರೆ, ಮನೆಯ ಒಡೆಯನನ್ನು ಗೋಡೆಗೆ ಹತ್ತಿಸಿ ಆಳುಗಳಿಗೆ ಹಾಸಿಗೆ ಹಾಸಿದಂತಾಗುತ್ತದೆ.

ಹಿರಿಯರು: ಹಾಗಾದರೆ ನಾನು ಕೇಳುತ್ತೇನೆ. ಒಣಗಿದ ಹಾಸಿನಲ್ಲಿ ಉಪಕಾರಿ ಹುಳು ಬದುಕಲಾರದೆಂದರೆ ಅಪಕಾರಿ ಹುಳು ಮಾತ್ರ ಹೇಗೆ ಬದುಕೀತು? ನುಸಿಗೂ ನಿನ್ನ ದುಂಡುಹುಳುವಿಗೂ ತೇವ ಬೇಡವೇ? ಹಾಸನ್ನು ಒಣಗಿಸುವುದೇ ಸಾಕೆಂದಾದ ಮೇಲೆ ಕುಕ್ಕರಿಗೆ ಏನು ಕೆಲಸ?

ಕಿರಿಯಳು: ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ, ದೊಡ್ಡಪ್ಪ. ಒಣಗಿಸುವುದು ಕಾಯಿಸುವುದಕ್ಕಿಂತ ದೊಡ್ಡ ಕೆಲಸವನ್ನೇ ಮಾಡುತ್ತಿರಬೇಕು, ಒಪ್ಪುತ್ತೇನೆ. ಆದರೆ ನೀರಿನ ಬಟ್ಟಲಿನ ಬಳಿ ತೇವವಿದ್ದೇ ಇರುತ್ತದೆ. ನುಸಿಗೆ ಅಷ್ಟು ಮೂಲೆಯೇ ಸಾಕು. ಪೊರೆ ಕಳಚುವಾಗ ಜೇಡ ರೇಷ್ಮೆಯ ಚಾಪೆ ನೆಯ್ದು, ಅದರ ಮೇಲೆ ಬೆನ್ನಡಿಯಾಗಿ ಮಲಗಿ, ಗಂಟೆಗಟ್ಟಲೆ ಕಾಲನ್ನೊಂದೊಂದಾಗಿ ಹಳೆಯ ಚರ್ಮದಿಂದ ಎಳೆದುಕೊಳ್ಳುತ್ತದೆ. ಆಗ ಅದರ ಮೈ ಹಸುಳೆಯ ಮೈಗಿಂತ ಮೃದು. ಕೋರೆಗಳು ಕೂಡ ಬೆಳ್ಳಗೆ, ಮೆತ್ತಗೆ. ತಾನೇ ತಿನ್ನಬೇಕಾದ ಚಿಮ್ಮಂಡೆ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದೇ ಬಂದು ಜೇಡವನ್ನು ಕಡಿಯುತ್ತದೆ. ಅಂಥ ಗಳಿಗೆಗಾಗಿ ನಾನು ಕುಕ್ಕರ್ ಏರಿಸುವುದು.

ಹಿರಿಯರು ಏನೂ ಹೇಳದೆ ತೊಗಟೆಯ ತುಂಡನ್ನು ಕೈಗೆತ್ತಿಕೊಂಡರು. ಅದು ಹಗುರವಾಗಿದ್ದುದನ್ನು ಕಂಡು ಎರಡು ಬಾರಿ ಮೇಲೆ ಕೆಳಗೆ ಮಾಡಿ ತೂಗಿದರು.

ಹಿರಿಯರು: ಇದು ಯಾವ ಮರದ್ದು? ಮರ ಕಡಿದು ತೆಗೆದದ್ದೇ?

ಕಿರಿಯಳು: ಅಲ್ಲ, ಇದು ಕಾರ್ಕ್ ಓಕ್ ಮರದ್ದು. ಪೋರ್ಚುಗಲ್ ಸ್ಪೇನ್ ದೇಶಗಳಲ್ಲಿ ಬೆಳೆಯುತ್ತದೆ. ಮರವನ್ನು ಕಡಿಯುವುದಿಲ್ಲ, ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಹೊರತೊಗಟೆಯನ್ನು ಸುಲಿಯುತ್ತಾರೆ, ಮರ ಮತ್ತೆ ಹೊದ್ದುಕೊಳ್ಳುತ್ತದೆ. ಇದು ಸುಲಭಕ್ಕೆ ಕೊಳೆಯುವುದಿಲ್ಲ, ಬೂಷ್ಟು ಹಿಡಿಯುವುದು ಕಡಿಮೆ. ಮರದ ಮೇಲೆ ವಾಸಿಸುವ ಜೇಡಗಳಿಗೆ ಇದನ್ನು ನೆಟ್ಟಗೆ ನಿಲ್ಲಿಸಬೇಕು. ನೆಲದವಕ್ಕೆ ಓರೆಯಾಗಿ ಮಲಗಿಸಿ, ಕೆಳಗೆ ಗುಹೆಯಂತೆ ಬಿಡಬೇಕು. ಆದರೆ ದೇವದಾರು, ಪೈನ್ ಮರಗಳ ಹೊಟ್ಟನ್ನೂ ತುಂಡನ್ನೂ ತರಲೇಬಾರದು.

ಹಿರಿಯರು: ಅದು ನನಗೆ ಅರ್ಥವಾಗುತ್ತದೆ. ಭತ್ತದ ಕಣಜದಲ್ಲಿ ನಾವು ಲಕ್ಕಿಸೊಪ್ಪನ್ನು ಇಡುವುದೇಕೆ? ಅದರ ವಾಸನೆಗೆ ಹುಳು ಬಾರದಿರಲೆಂದು. ಹುಳುವನ್ನು ಓಡಿಸುವ ಎಣ್ಣೆ ಯಾವ ಮರದಲ್ಲಿದೆಯೋ ಅದು ಜೇಡವನ್ನು ಮಾತ್ರ ಪ್ರೀತಿಯಿಂದ ಕಾಣುವುದೇ? ಸರಿ, ಈ ತೊಗಟೆಯನ್ನೂ ಕುಕ್ಕರಿಗೆ ಹಾಕುತ್ತೀಯೋ?

ಕಿರಿಯಳು: ದೊಡ್ಡ ಪಾತ್ರೆಯಲ್ಲಿ ಕುದಿಸುತ್ತೇನೆ, ತೇಲದಂತೆ ಮೇಲೊಂದು ತಟ್ಟೆಯ ಭಾರ. ಅರ್ಧ ಗಂಟೆಯಾದ ಮೇಲೆ ನೀರು ಕಷಾಯದಂತಾಗುತ್ತದೆ. ಅದನ್ನು ಚೆಲ್ಲಿ ಮತ್ತೊಮ್ಮೆ. ಪಾತ್ರೆಗೆ ಹಿಡಿಸದ ಉದ್ದದ ಕಟ್ಟಿಗೆಯನ್ನು ಕೆಲವರು ಓವನ್ನಿನಲ್ಲಿ 90 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಆದರೆ ಒಣಕಟ್ಟಿಗೆ ಒಳಗೊಳಗೇ ಕನಲುವುದರಿಂದ ಎದುರಿಗೆ ಕಾವಲು ಕೂರದೆ ಮಾಡತಕ್ಕ ಕೆಲಸವಲ್ಲ ಅದು. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಬ್ಲೀಚನ್ನು ಗಾಜಿಗೆ, ನೀರಿನ ಬಟ್ಟಲಿಗೆ ನೀರು ಬೆರೆಸಿ ಹಚ್ಚಿ ಚೆನ್ನಾಗಿ ತೊಳೆಯುತ್ತೇನೆ. ಮರಕ್ಕೆ ಹಚ್ಚುವುದಿಲ್ಲ, ಏಕೆಂದರೆ ಮರದ ರಂಧ್ರಕ್ಕೆ ಹೊಕ್ಕದ್ದನ್ನು ಮತ್ತೆ ಹೊರತೆಗೆಯುವುದು ಕಷ್ಟ. ಹುಳ ಸಾಯಲೆಂದು ಹಾಕಿದ ವಿಷ ಜೇಡದ ಕಾಲಿನಡಿಯಲ್ಲಿ ಉಳಿದರೆ ಏನು ಬಂತು?

ಹಿರಿಯರು: ಆ ಎರಡು ಕಲ್ಲು?

ಕಿರಿಯಳು: ಅವನ್ನು ನೀವು ಬೆಳಿಗ್ಗೆ ಹಳ್ಳದ ಬದಿಯಿಂದ ತಂದುಕೊಟ್ಟಿರಲ್ಲ, ಬೇಡವೆನ್ನಲು ಮನಸ್ಸು ಬಾರದೆ ಇಟ್ಟುಕೊಂಡೆ. ಆದರೆ ಪೆಟ್ಟಿಗೆಯಲ್ಲಿಡಲಾರೆ. ಹಾಸಿನ ಮೇಲೆ ಕಲ್ಲಿಟ್ಟರೆ ಜೇಡ ಅದರ ಅಡಿಯನ್ನೇ ತೋಡುತ್ತದೆ. ತೋಡಿದ ಮಣ್ಣು ಜರಿದರೆ ಕಲ್ಲು ಮೈಮೇಲೆ. ಇಡಲೇಬೇಕೆಂದರೆ ಕಲ್ಲಿನ ತಳ ಗಾಜಿನ ನೆಲಕ್ಕೇ ಮುಟ್ಟಿರಬೇಕು. ಅಲ್ಲದೆ ಇದರ ಅಂಚು ಚೂಪಾಗಿದೆ. ಈ ಜೇಡ ಕಾಲು ಚಾಚಿದರೆ ಸುಮಾರು 13 ಸೆಂಟಿಮೀಟರ್. ಹಾಸಿನಿಂದ ಮುಚ್ಚಳಕ್ಕೆ ಅದರ ಒಂದೂವರೆ ಪಾಲಿಗಿಂತ ಹೆಚ್ಚು ಅಂತರವಿರಬಾರದೆಂದು ಬಲ್ಲವರು ಹೇಳುತ್ತಾರೆ. ಗಾಜು ಹತ್ತಿ ಬಿದ್ದರೆ, ತುಂಬಿದ ಹೊಟ್ಟೆ ಒಡೆದು ರಕ್ತ ಹರಿದುಹೋಗುತ್ತದೆ. ಕಾಲನ್ನು ಚಾಚುವುದಕ್ಕೂ ಇವಕ್ಕೆ ರಕ್ತದ ಒತ್ತಡವೇ ಬಲವಾದುದರಿಂದ, ರಕ್ತ ಹೋದರೆ ನಡೆಯೂ ಹೋಯಿತು. ಮುಳ್ಳಿನ ಕಳ್ಳಿಗಿಡ, ಒರಟು ಕಲ್ಲು, ಇವನ್ನೆಲ್ಲ ಮರುಭೂಮಿಯ ಚಿತ್ರದಂತೆ ಜೋಡಿಸುವವರಿದ್ದಾರೆ; ನೋಡುವವರ ಕಣ್ಣಿಗೆ ಅಂದ, ಬೀಳುವ ಜೇಡಕ್ಕೆ ಶೂಲ.

ಹಿರಿಯರು: ಮೆಚ್ಚಿದೆ. ಆದರೆ ನನಗೆ ಈಗ ಇನ್ನೊಂದು ಚಿತ್ರ ಕಣ್ಣಮುಂದೆ ಬರುತ್ತಿದೆ. ನಮ್ಮ ಮನೆಗೆ ಹೋಗುವ ದಾರಿಯ ಮುರಕಲ್ಲಿನ ಧರೆಯಲ್ಲಿ, ಸೊಂಟದೆತ್ತರದಲ್ಲಿ, ಹೆಬ್ಬೆಟ್ಟು ಗಾತ್ರದ ತೂತುಗಳಿರುವುದನ್ನು ಬಲ್ಲೆಯಲ್ಲ? ಬಾಯಿಗೆ ಬಿಳಿ ನೂಲಿನ ಅಂಚು. ಮಳೆಗಾಲದ ರಾತ್ರಿ ಟಾರ್ಚು ಹಾಯಿಸಿದರೆ ಒಳಗಿನಿಂದ ಎರಡು ರೋಮದ ಕಾಲು ಹೊರಗೆ ಬಂದು, ಬೆಳಕು ತಾಗಿದೊಡನೆ ಹಿಂದಕ್ಕೆ ಹೋಗುತ್ತದೆ. ಅಲ್ಲಿ ನೀರು ಒಸರುತ್ತದೆ, ಪಾಚಿಯಿದೆ, ಇರುವೆಯಿದೆ, ಶತಪದಿಯಿದೆ, ಬೂಷ್ಟಿದೆ, ನಿನ್ನ ದುಂಡುಹುಳುವೂ ಇದ್ದೀತು. ಯಾರೂ ಆ ಧರೆಯನ್ನು ಬೇಯಿಸಲಿಲ್ಲ. ನನ್ನ ಅಜ್ಜನ ಕಾಲದಿಂದಲೂ ಅವು ಅಲ್ಲಿವೆ.

ಕಿರಿಯಳು: ತ್ರಿಗ್ಮೋಪಿಯಸ್ ಎಂಬ ಕುಲದವು ಪಶ್ಚಿಮ ಘಟ್ಟದ ಧರೆಗಳಲ್ಲಿ ಹಾಗೆಯೇ ಬಿಲ ಮಾಡುತ್ತವೆ, ಪೋಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿ 1899ರಲ್ಲೇ ಅವನ್ನು ವರ್ಣಿಸಿದ್ದಾರೆ. ನೀವು ಕಂಡವು ಆ ಬಳಗದವೇ ಇರಬಹುದು. ಆದರೆ ದೊಡ್ಡಪ್ಪ, ಧರೆಯ ಜೇಡಕ್ಕೆ ಒಂದು ಸೌಕರ್ಯವಿದೆ, ಅದನ್ನು ನೀವು ಹೇಳಲಿಲ್ಲ. ಬಿಲದಲ್ಲಿ ನುಸಿ ತುಂಬಿದರೆ ಅದು ಎದ್ದು ಹೋಗಬಲ್ಲದು. ನೀರು ನುಗ್ಗಿದರೆ ಮೇಲಿನ ತೂತಿಗೆ ಹತ್ತಬಲ್ಲದು. ನನ್ನ ಪೆಟ್ಟಿಗೆಯ ಜೇಡ ಎಲ್ಲಿಗೆ ಹೋದೀತು? ನಾಲ್ಕು ಬದಿಯೂ ಗಾಜು. ಹೊರಗಿನಿಂದ ಚಿಲಕ ಹಾಕಿದವಳು ನಾನು. ಅದು ಓಡಿಹೋಗಬಹುದಾಗಿದ್ದ ಕೇಡನ್ನೆಲ್ಲ ನಾನೇ ಮೊದಲೇ ಹುಡುಕಿ ತೆಗೆಯಬೇಡವೇ?

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಕುಕ್ಕರು ಒಮ್ಮೆ ಕೂಗಿ ಸುಮ್ಮನಾಯಿತು. ಅವಳು ಎದ್ದು ಉರಿ ತಗ್ಗಿಸಿ ಬಂದಳು. ಮನೆಯಲ್ಲೆಲ್ಲ ನೆನೆದ ತೆಂಗಿನ ಸಿಪ್ಪೆಯ ವಾಸನೆ ಹರಡಿತ್ತು.

ಹಿರಿಯರು: ಈ ಮಾತಿಗೆ ನನ್ನಲ್ಲಿ ಎದುರುಮಾತಿಲ್ಲ. ಆದರೆ ಇದು ಬೇಯಿಸುವುದರ ಪರವಾದ ಮಾತಾಯಿತೋ, ಚಿಲಕದ ವಿರುದ್ಧವಾದ ಮಾತಾಯಿತೋ ನೀನೇ ಯೋಚಿಸು.

ಕಿರಿಯಳು: ಯೋಚಿಸಿದ್ದೇನೆ. ಈ ಜಾತಿಯ ಜೇಡಗಳನ್ನು ಕಾಡಿನಿಂದ ಹಿಡಿದು ಹಿಡಿದು ಮಾರಿದ್ದರಿಂದ 1985ರಲ್ಲೇ ಅವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ನನ್ನದು ಮನೆಯಲ್ಲೇ ಹುಟ್ಟಿದ್ದು; ಕಾಡನ್ನು ಕಂಡದ್ದಲ್ಲ. ಬಿಟ್ಟರೆ ಈ ಊರಿನ ಗುಡ್ಡದಲ್ಲಿ ಬದುಕುವಂತಿಲ್ಲ, ಬಿಡುವುದು ನ್ಯಾಯವೂ ಅಲ್ಲ. ಹೆಣ್ಣಾದುದರಿಂದ ಇಪ್ಪತ್ತು ಇಪ್ಪತ್ತೈದು ವರ್ಷ ನನ್ನ ಜೊತೆಯಲ್ಲಿರಬಹುದು. ಅಷ್ಟು ಕಾಲ ಅದಕ್ಕೆ ನೆಲವೆಂದರೆ ನಾನು ಹಾಕಿದ ಈ ಹುಡಿ, ಆಕಾಶವೆಂದರೆ ನಾನು ಮುಚ್ಚಿದ ಈ ಮುಚ್ಚಳ.

ಹಿರಿಯರು: ಹಾಗಾದರೆ ಮಗಳೇ, ಇಪ್ಪತ್ತೈದು ವರ್ಷ ಬೇಯಿಸುತ್ತಲೇ ಇರುತ್ತೀಯಾ? ಹಾಸನ್ನು ಪದೇಪದೇ ಬದಲಿಸಿದರೆ ಅದು ನೆಯ್ದ ನೂಲೂ ಹೋಗುತ್ತದಲ್ಲ? ನೀನು ಕೊಟ್ಟದ್ದು ಹುಡಿ. ಮನೆ ಮಾಡಿಕೊಂಡದ್ದು ಅದು. ಊರ್ಣನಾಭ ತನ್ನೊಳಗಿನಿಂದಲೇ ನೂಲು ತೆಗೆದು ಲೋಕ ಕಟ್ಟುತ್ತದೆಂದು ಉಪನಿಷತ್ತಿನ ಕಾಲದವರೂ ಕಂಡಿದ್ದರು. ಆ ನೂಲನ್ನು ಶುದ್ಧಿಯ ಹೆಸರಿನಲ್ಲಿ ಕಿತ್ತೆಸೆಯುವುದು ಯಾವ ಶುದ್ಧಿ?

ಕಿರಿಯಳು: ಪದೇಪದೇ ಬದಲಿಸುವುದಿಲ್ಲ. ಮೊದಮೊದಲು ತಿಂಗಳಿಗೊಮ್ಮೆ ಬದಲಿಸುತ್ತಿದ್ದೆ, ಶುದ್ಧಿಯ ಗೀಳು. ಪ್ರತಿ ಸಲವೂ ಅದು ವಾರಗಟ್ಟಲೆ ಮುದುಡಿ ಕೂತು, ಉಂಡದ್ದು ಕಡಿಮೆ. ಈಗ ಒಣಗಿದ ಹಾಸನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ತಿಂದುಳಿದ ಕವಚವನ್ನು ಮರುದಿನವೇ ಉದ್ದ ಚಿಮಟದಿಂದ ತೆಗೆಯುತ್ತೇನೆ, ನೀರನ್ನು ಬದಲಿಸುತ್ತೇನೆ, ಅಷ್ಟೆ. ಹಳೆಯ ಹಾಸನ್ನು ಬರಿಗೈಯಿಂದ ಮುಟ್ಟುವುದೂ ಇಲ್ಲ. ಹೊಟ್ಟೆಯ ಮೇಲಿನ ನವೆಗೂದಲನ್ನು ಅದು ಉದುರಿಸಿ ಚಾಪೆಗೆ ನೆಯ್ದಿರುತ್ತದೆ. ಕಣ್ಣಿಗೆ ಹೊಕ್ಕರೆ ತಿಂಗಳುಗಟ್ಟಲೆ ಉರಿ. ನೀವು ಕನ್ನಡಕ ಹಾಕಿಕೊಂಡು ಸ್ವಲ್ಪ ದೂರವೇ ಕುಳಿತಿರಿ.

ಹಿರಿಯರು: ಹಾಗಿದ್ದರೆ ಮೊದಲ ದಿನದ ಮಡಿಗಿಂತ ಮರುದಿನದ ಚಿಮಟ ದೊಡ್ಡದೆಂದು ನೀನೇ ಹೇಳಿದಂತಾಯಿತು.

ಕಿರಿಯಳು: ಹೇಳಿದಂತಾಯಿತು. ಆದರೂ ಕುಕ್ಕರನ್ನು ಇಳಿಸುವುದಿಲ್ಲ.

ಹಿರಿಯರು: ಇಳಿಸಬೇಡ. ಆದರೆ ಹಳೆಯ ಪೆಟ್ಟಿಗೆಯಿಂದ ಒಂದು ಹಿಡಿ ಹಾಸನ್ನು, ಅದರ ನೂಲಿರುವ ಒಂದು ಹಿಡಿಯನ್ನು, ಹೊಸತಕ್ಕೆ ಸೇರಿಸು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಆರು ವರ್ಷ ಅದರೊಳಗೆ ಅದು ಆರೋಗ್ಯವಾಗಿಯೇ ಇತ್ತಲ್ಲ.

ಅವಳು ಹಳೆಯ ಪೆಟ್ಟಿಗೆಯ ಕಡೆಗೆ ನೋಡಿದಳು, ಕುಕ್ಕರಿನ ಕಡೆಗೆ ನೋಡಿದಳು. ಪ್ರಯೋಗಶಾಲೆಯ ಶಿಕ್ಷಣಕ್ಕೆ ಅದು ಒಗ್ಗದ ಮಾತೆಂಬುದು ಮುಖದಲ್ಲೇ ಕಾಣುತ್ತಿತ್ತು. ಕೈಗವಸು ತೊಟ್ಟು, ನೂಲಿನ ಚಾಪೆಯ ಅಂಗೈ ಅಗಲದ ತುಂಡನ್ನು ಬಿಡಿಸಿ, ಭೂತಗನ್ನಡಿಯ ಕೆಳಗಿಟ್ಟು ಬಹಳ ಹೊತ್ತು ನುಸಿಯನ್ನು ಹುಡುಕಿದಳು. ಇಲ್ಲವೆಂದು ಖಚಿತವಾದ ಮೇಲೆ ಬೇರೆ ತಟ್ಟೆಯಲ್ಲಿ ತೆಗೆದಿಟ್ಟಳು. ಸೇರಿಸುತ್ತೇನೆಂದೂ ಹೇಳಲಿಲ್ಲ, ಸೇರಿಸುವುದಿಲ್ಲವೆಂದೂ ಹೇಳಲಿಲ್ಲ.

ಈ ನಡುವೆ ಹಿರಿಯರು ಅರ್ಧ ಗೆರಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಾಕುವಿನ ಬೆನ್ನಿನಿಂದ ಒಳಗಿನ ಕಾಯಿಯ ಪದರವನ್ನು ಒಂದು ಚೂರೂ ಉಳಿಯದಂತೆ ಕೆರೆದರು. ಉಳಿದರೆ ಅದಕ್ಕೇ ಮೊದಲು ಬೂಷ್ಟು ಬರುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಯಿಯ ಅಂಚಿನಲ್ಲಿ ಜೇಡ ನುಸುಳುವಷ್ಟು ಅರ್ಧಚಂದ್ರ ಕೊಯ್ದು, ಉಪ್ಪುಕಾಗದದಿಂದ ಉಜ್ಜಿ, ತಮ್ಮ ತುಟಿಯ ಮೇಲೆ ಎಳೆದು ನುಣುಪನ್ನು ಪರೀಕ್ಷಿಸಿದರು. ಕಲ್ಲಿನಂತೆ ಭಾರವಲ್ಲದ್ದರಿಂದ ಮಣ್ಣು ಜರಿದರೂ ಅಪಾಯವಿಲ್ಲವೆಂದು ಅವಳೂ ಒಪ್ಪಿದಳು. ಆಮೇಲೆ ಅವರೇ ಅದನ್ನು ಕುದಿಯುವ ಪಾತ್ರೆಗೆ ಹಾಕಿದರು.

ಸಂಜೆ ಜೇಡವನ್ನು ಹೊಸ ಪೆಟ್ಟಿಗೆಗೆ ಬಿಟ್ಟಾಯಿತು. ಮುಂಗಾಲೊಂದನ್ನು ಇಳಿಸಿ ಹಾಸನ್ನು ಮುಟ್ಟಿತು, ಹಿಂದಕ್ಕೆಳೆದುಕೊಂಡಿತು, ಗಾಜನ್ನೇರಿತು. ಎರಡು ದಿನ ಹಾಗೆಯೇ ನಿಂತಿತ್ತು. ಹಾಸು ಇನ್ನೂ ಹಸಿಯೆಂದು ಅವಳು. ಅದಕ್ಕೆ ತನ್ನ ವಾಸನೆ ಸಿಗುತ್ತಿಲ್ಲವೆಂದು ಅವರು. ಮೂರನೆಯ ರಾತ್ರಿ ತಟ್ಟೆಯಲ್ಲಿದ್ದ ನೂಲಿನ ತುಂಡು ಕಾಣೆಯಾಗಿತ್ತು. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಷ್ಟರಲ್ಲಿ ಹಾಸಿನ ಮೇಲ್ಮೈಯೂ ಪೂರ್ತಿ ಒಣಗಿ ಬಣ್ಣ ತಿಳಿಯಾಗಿತ್ತಾದುದರಿಂದ, ಮರುದಿನ ಜೇಡ ಕೆಳಗಿಳಿದುದಕ್ಕೆ ಕಾರಣ ಯಾವುದೆಂದು ಹೇಳುವಂತಿರಲಿಲ್ಲ.

ನಾನು ಹೊರಡುವ ದಿನ ಬೆಳಿಗ್ಗೆ ಹಿರಿಯರು ನನ್ನನ್ನು ಕೋಣೆಗೆ ಕರೆದರು. ಅವರು ನುಣುಪು ಮಾಡಿದ ಗೆರಟೆ ಹಾಗೆಯೇ ಬೋರಲಾಗಿತ್ತು. ಅದರೊಳಗೆ ಯಾರೂ ಹೊಕ್ಕ ಗುರುತಿರಲಿಲ್ಲ. ಪೋರ್ಚುಗಲ್ಲಿನ ತೊಗಟೆಯ ಅಡಿಯೂ ಖಾಲಿ. ಜೇಡ ಗಾಜಿನ ಮೂಲೆಯೊಂದನ್ನು ಆರಿಸಿಕೊಂಡು, ರಾತ್ರಿಯಿಡೀ ಹುಡಿಯನ್ನು ಕೋರೆಗಳ ನಡುವೆ ಮುದ್ದೆಮುದ್ದೆಯಾಗಿ ಎತ್ತಿ ತಂದು ತೋಡಿತ್ತು. ತೋಡಿದ ಹುಡಿಯನ್ನೆಲ್ಲ ನೀರಿನ ಬಟ್ಟಲಿಗೆ ಸುರಿದು, ಬಟ್ಟಲಿನ ಅಂಚು ಕಾಣದಂತೆ ತುಂಬಿಸಿಬಿಟ್ಟಿತ್ತು. ಬ್ಲೀಚಿನಿಂದ ತೊಳೆದು, ಮೂರು ಬಾರಿ ಜಾಲಿಸಿದ ಬಟ್ಟಲು ಅದು. ಹಿರಿಯರು ಮೊಣಕಾಲೂರಿ ಬಾಗಿ ನೋಡುತ್ತಿದ್ದರು. ಅವಳು ಚಿಮಟವನ್ನೂ ಹೊಸ ನೀರನ್ನೂ ತರಲು ಅಡುಗೆಮನೆಗೆ ಹೋದಳು.